ಎರಡು ಅರ್ಧಗಳ ಜೌಗು

ಮಾರ್ಚ್ ೧೪, ಗುರುವಾರ

ಕೊನೆಗೂ ನಮ್ಮ ಜೌಗನ್ನು ಕೈಬಿಟ್ಟರು. ಎರಡು ದೇಶಗಳು ಕೂಡಿ ಮೊದಲು ಉಳಿಸಬೇಕಾದ ನೆಲೆಗಳನ್ನು ಆರಿಸುವ ಸಭೆ ಇಂದು ಮುಗಿಯಿತು. ಗಡಿ ಹಾದುಹೋಗುವುದು ಜೌಗಿನ ನಟ್ಟನಡುವೆ. ನಮ್ಮರ್ಧಕ್ಕೆ ನಾವು ಅಂಕ ಕೊಟ್ಟೆವು, ಅವರರ್ಧಕ್ಕೆ ಅವರು. 'ತೀರಾ ಸಣ್ಣದು' ಎಂದು ಎರಡೂ ಬಿದ್ದುಹೋದವು. ಎರಡನ್ನೂ ಕೂಡಿಸಿ ನೋಡಿ ಎಂದು ಗೋಗರೆದೆ.

"ನಿಯಮದಲ್ಲಿ ಇಲ್ವಲ್ಲ ಮೇಡಂ," ಎಂದರು ಅಧ್ಯಕ್ಷರು.

ನಿಯಮವಂತೆ, ನಿಯಮ! ನೀರುನಾಯಿಗಳು ಆ ಬದಿಯಲ್ಲಿ ಮರಿ ಹಾಕಿ ಈ ಬದಿಯಲ್ಲಿ ಮೀನು ಹಿಡಿಯುತ್ತವೆ. ಅವಕ್ಕೆ ಯಾವ ಅರ್ಧ?

ಇಷ್ಟು ವರ್ಷ ಆ ಬದಿಯ ಅರ್ಧವನ್ನು ಅಳೆಯುತ್ತ ಅಲ್ಲಿಂದಲೇ ನನಗೆ ಕೈಬೀಸುತ್ತಿದ್ದ ಗೆಳತಿ ಮೆಟ್ಟಿಲ ಬಳಿ ಸಿಕ್ಕಳು. "ಬೇರೆ ಬೇರೆ ಅಳೆದಿದ್ದಾಯ್ತಲ್ಲ ಕಣೇ. ಅಳೋದಾದ್ರೂ ಒಟ್ಟಿಗೆ ಅಳೋಣ ಬಾ," ಎಂದಳು. ಇಬ್ಬರೂ ನಕ್ಕೆವು. ಆ ನಗುವೂ ಅರ್ಧಕ್ಕೇ ನಿಂತಿತು.

ನನ್ನರ್ಧದ ನಕ್ಷೆಯ ಜೊತೆ ಅವಳರ್ಧದ ನಕ್ಷೆಯನ್ನೂ ಕೇಳಿ ತಂದೆ. ಮನೆಯಲ್ಲಿ ಊಟದ ಮೇಜಿನ ಮೇಲೆ ಎರಡನ್ನೂ ಅಂಚಿಗೆ ಅಂಚು ಕೂಡಿಸಿಟ್ಟೆ. ತಟ್ಟೆ ಹಿಡಿದು ಬಂದ ನನ್ನವರು ನಿಂತೇಬಿಟ್ಟರು.

"ಅಬ್ಬಾ, ಇಷ್ಟು ದೊಡ್ಡದಾ ಇದು? ತಟ್ಟೆ ಎಲ್ಲಿಡ್ಲಿ ಈಗ?"

ಜಾಗ ಮಾಡಿಕೊಡಲು ಒಂದರ್ಧ ಎತ್ತಬೇಕಿತ್ತು. ಕೈ ಏಳಲಿಲ್ಲ. ಇಬ್ಬರೂ ನಿಂತುಕೊಂಡೇ ಉಂಡೆವು.

ಈ ಒಂದು ರಾತ್ರಿಯ ಮಟ್ಟಿಗೆ ಜೌಗು ಇಡಿಯಾಗಿದೆ. ಬೆಳಗಾದರೆ ಮೇಜು ಬೇಕು, ಆಗ ಯಾವ ಅರ್ಧವನ್ನು ಮೊದಲು...