ಚಹಾದಂಗಡಿ ಇರುವುದು ಬಲಗಡೆ

ಅಕ್ಕಾ,

ಕಾರ್ಡು ಚಿಕ್ಕದು, ಹಾಗಾಗಿ ಒಂದೇ ಮಾತಿನಲ್ಲಿ ನಮಸ್ಕಾರ. ನಮ್ಮ ಸೇತುವೆಯನ್ನು ನಿನ್ನೆ ಕಣ್ಣಾರೆ ಕಂಡೆ. ನಾನು ಮರದ ಹಲಗೆಯಲ್ಲಿ ಕೆತ್ತಿದ, ನೀನು ಆ ಹಲಗೆಗೆ ಬಣ್ಣ ಹಚ್ಚಿ ಕಾಗದದ ಮೇಲೆ ಅಚ್ಚೊತ್ತಿದ ಅದೇ ಸೇತುವೆ. ಚಿತ್ರದಲ್ಲಿದ್ದಂತೆ ಮಳೆಯೂ ಬರುತ್ತಿತ್ತು. ದಾಟಿದವನೇ ಚಿತ್ರದಲ್ಲಿರುವ ಚಹಾದಂಗಡಿಗೆಂದು, ಯಾರನ್ನೂ ಕೇಳದೆ, ಎಡಕ್ಕೆ ತಿರುಗಿದೆ. ಅಲ್ಲಿ ಅಂಗಡಿಯೂ ಇಲ್ಲ, ದಾರಿಯೂ ಇಲ್ಲ. ಗದ್ದೆಯ ಕೆಸರಲ್ಲಿ ಮೊಣಕಾಲವರೆಗೆ ಹೂತುಹೋದೆ.

ಕೂಗಿದ್ದು ಕೇಳಿ ಅಂಗಡಿಯ ಓಕುಮೆ ಅಜ್ಜಿ ಓಡಿಬಂದು, ಬಿದಿರಿನ ಗಳ ಚಾಚಿ ಎಳೆದಳು. ಅಂಗಡಿಗೆ ಕರೆದೊಯ್ದು ಚಹಾ ಕೊಟ್ಟಳು. ನೋಡಿದರೆ ಅವಳ ಗೋಡೆಯ ಮೇಲೆ ನಮ್ಮದೇ ಚಿತ್ರ! ಕೆತ್ತಿದವನು ನಾನೇ ಎಂದೆ.

“ನೀನಾ? ಅದ್ರಲ್ಲಿ ನಮ್ಮಂಗಡಿ ಬಲಗಡೆ ಇರೋದು ಕಾಣ್ಸಲ್ವಾ? ಹೊಸಬ್ರೆಲ್ಲ ಅದನ್ನ ನೋಡ್ಕೊಂಡು ಸರಿಯಾಗಿ ಬರ್ತಾರೆ. ಮಾಡಿದೋನೇ ಗದ್ದೆಗೆ ಬಿದ್ಯಲ್ಲೋ!”

“ಹಲಗೇಲಿ ಎಲ್ಲಾ ತಿರುಗುಮುರುಗು ಕೆತ್ತಬೇಕು ಅಜ್ಜಿ, ಕಾಗದಕ್ಕೆ ಒತ್ತಿದ್ಮೇಲೇ ಅದು ನೆಟ್ಟಗಾಗೋದು. ತಿಂಗಳುಗಟ್ಲೆ ಅದನ್ನೇ ನೋಡಿ ನೋಡಿ, ನನ್ನ ಪಾಲಿಗೆ ನಿಮ್ಮಂಗಡಿ ಎಡಗಡೇನೇ.”

“ಹಂಗಾದ್ರೆ ನೆಟ್ಟಗೆ ಮಾಡಿದೋರು ಯಾರು?”

“ನಮ್ಮಕ್ಕ” ಎಂದೆ.

ಅಜ್ಜಿ ಇನ್ನೊಂದು ಬಟ್ಟಲು ತುಂಬಿ, ಇದು ನಿಮ್ಮಕ್ಕನ ಪಾಲಿನದು ಎಂದಳು. ನಿನ್ನ ಹೆಸರಲ್ಲಿ ನಾನೇ ಕುಡಿದೆ.

ನೀನು ಹಠ ಹಿಡಿದು ಈ ಬಿಸಿನೀರಿನ ಬುಗ್ಗೆಯ ಊರಿಗೆ ಅಟ್ಟಿದ್ದು ಒಳ್ಳೆಯದೇ ಆಯಿತು. ಕಣ್ಣುರಿ ಇಳಿದಿದೆ, ಮತ್ತೆ ಉಳಿ ಹಿಡಿಯಬಹುದು ಎಂದರು ಇಲ್ಲಿನ ವೈದ್ಯರು. ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ಒಳ್ಳೆಯ ಹಲಗೆ ಸಿಕ್ಕರೆ ತೆಗೆದಿಡು ಅಕ್ಕಾ. ಬಂದು ತಿರುಗುಮುರುಗು ಕೆತ್ತುತ್ತೇನೆ, ನೆಟ್ಟಗೆ ಮಾಡಲು ನೀನಿದ್ದೀಯಲ್ಲ.

ನಿನ್ನ ಸೈಕಿಚಿ