ಸಣಕಲು ಇಲಿಗಳಿಗೆ ಒಂದು ಹಿಡಿ ಬೀಜ

೧೨ನೇ ತಾರೀಕು, ಭಾನುವಾರ ಬೆಳಿಗ್ಗೆ

ನನ್ನ ಮುದ್ದು ಮೊಂಡಿಗೆ ಅಮ್ಮನ ಆಶೀರ್ವಾದ.

ಕೂದಲು ಗುಂಗುರು ಗುಂಗುರಾಗಿ ಮತ್ತೆ ಬರುತ್ತಿದೆಯಲ್ಲೇ! ಅಳಿಯಂದಿರು ಕಳಿಸಿದ ಫೋಟೊ ನೋಡಿದ್ದೇ ನೋಡಿದ್ದು.

ಈಗ ಬೈಸಿಕೊಳ್ಳುವ ವಿಷಯ. ಮೂರು ತಿಂಗಳ ಹಿಂದೆ ನೀನು, ಬಾಯಿ ಮುಚ್ಕೊಂಡಿರಮ್ಮಾ, ಕೆಲಸ ಹೋಗುತ್ತೆ ಎಂದು ಬರೆದಿದ್ದೆ. ಆಗಲಿ ಎಂದು ನಿನಗೆ ಉತ್ತರ ಹಾಕಿ, ಮಾರನೆಯ ದಿನವೇ ಹೋಗಿ ನಮ್ಮ ಲ್ಯಾಬಿನ ಮೇಡಂಗೆ ನಿಜ ಹೇಳಿಬಿಟ್ಟೆ.

ಅಳಿಯಂದಿರಿಗೂ ತಿಳಿಯಲಿ, ಮೊದಲಿನಿಂದ ಬರೆಯುತ್ತೇನೆ. ಕಳೆದ ವರ್ಷ ಕ್ಯಾನ್ಸರ್ ಔಷಧಿಯಿಂದ ನೀನು ಸೋತು ಮಲಗಿದ್ದಾಗ ಬೂಷ್ಟು ಶ್ವಾಸಕೋಶಕ್ಕಿಳಿದು ನಿನ್ನನ್ನು ಇನ್ನೇನು ಕಿತ್ತುಕೊಳ್ಳುವುದರಲ್ಲಿತ್ತಲ್ಲ, ಮೇಡಂ ಅದನ್ನೇ ಶಿಲೀಂಧ್ರ ಎನ್ನುತ್ತಾರೆ. ಅದಕ್ಕೆ ನಮ್ಮ ಲ್ಯಾಬಿನಲ್ಲಿ ಲಸಿಕೆ ಮಾಡುತ್ತಿದ್ದಾರೆ. ಅರ್ಧ ಇಲಿಗಳಿಗೆ ಲಸಿಕೆ, ಅರ್ಧಕ್ಕೆ ಬರೀ ಉಪ್ಪುನೀರು. ಯಾವ ಪಂಜರಕ್ಕೆ ಯಾವುದು ಎಂಬುದು ಮುಚ್ಚಿದ ಲಕೋಟೆಯೊಳಗೆ. ಮೇಡಂಗೂ ಗೊತ್ತಿಲ್ಲ, ಮೇವು ಹಾಕುವ ನನಗೂ ಗೊತ್ತಿಲ್ಲ. ಆಮೇಲೆ ಎಲ್ಲಕ್ಕೂ ಬೂಷ್ಟು ತಗುಲಿಸಿ ದಿನಾ ತೂಕ ನೋಡುವುದು.

ಸೂಜಿ ಚುಚ್ಚಿದ ಮಾರನೆಯ ದಿನ ಕೆಲವು ಪಂಜರದವು ಮುದುಡಿಕೊಂಡು ಕೂತವು. ನನ್ನ ಹಾಳು ಕರುಳು ಕೇಳಬೇಕಲ್ಲ! ಅವಕ್ಕೆ ಮಾತ್ರ ದಿನಾ ಒಂದು ಹಿಡಿ ಸೂರ್ಯಕಾಂತಿ ಬೀಜ ಹಾಕಿದೆ, ಯಾರಿಗೂ ಹೇಳದೆ. ಲಕೋಟೆ ಒಡೆದರೆ, ಬದುಕಿ ದುಂಡಗಾದವೆಲ್ಲ ಅವೇ, ಲಸಿಕೆ ಪಡೆದವು; ಅವತ್ತು ಮುದುಡಿದ್ದು ಲಸಿಕೆಯ ಜ್ವರಕ್ಕೆ. ಲ್ಯಾಬಿನವರೆಲ್ಲ ಕುಣಿದರು. ನಾನು ಮಾತ್ರ ಅವತ್ತೇ ನಿನಗೆ ಬರೆದು ಕೇಳಿದೆ. ಅವನ್ನು ಉಳಿಸಿದ್ದು ಲಸಿಕೆಯೋ, ನನ್ನ ಬೀಜವೋ?

ಈ ಸೂಜಿ ಮುಂದೆ ನಿನ್ನಂಥವರ ತೋಳಿಗೆ ಹೋಗುವುದು ಕಣೇ. ಇದನ್ನೇ ನಂಬಿಕೊಂಡು ಯಾರ ಮಗಳೋ ಆಸ್ಪತ್ರೆಯಲ್ಲಿ ಮಲಗಿರುತ್ತಾಳೆ. ಅದಕ್ಕೇ ಹೇಳಿದೆ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಏನ್ರೀ ಮಾಡಿಟ್ರಿ ನೀವು, ಎಲ್ಲಾ ಮೊದಲಿಂದ ಮಾಡಬೇಕಲ್ಲ ಎಂದು ಕೂಗಾಡಿದರು. ಅಷ್ಟು ದಿನದ ಕೆಲಸ ನೀರುಪಾಲು. ಮತ್ತೆ ಹೊಸ ಇಲಿಗಳು, ಹೊಸ ಲಕೋಟೆ.

ಹೆದರಬೇಡ, ನನ್ನ ಕೆಲಸಕ್ಕೇನೂ ಆಗಿಲ್ಲ. ಎಲ್ಲ ಮೊದಲಿನ ಹಾಗೇ ಇದೆ. ನೀನು ಮಾತ್ರೆ ತಪ್ಪಿಸಬೇಡ, ಅಳಿಯಂದಿರ ತಲೆ ತಿನ್ನಬೇಡ.

ನಿನ್ನ ಬಾಯಿಬಡುಕಿ ಅಮ್ಮ

ತಾ.ಕ.: ಎಲ್ಲ ಮೊದಲಿನ ಹಾಗೇ ಇದೆ ಎಂದದ್ದು ಸುಳ್ಳು. ನಿಜ ಹೇಳಿದ ಕಥೆ ಬರೆಯುತ್ತಲೇ ಸುಳ್ಳು, ನೋಡು ನನ್ನ ಬುದ್ಧಿ! ಅವತ್ತೇ ನನ್ನನ್ನು ಇಲಿಕೋಣೆಯಿಂದ ತೆಗೆದು ಕೆಳಗೆ ಬಾಟಲಿ ತೊಳೆಯಲು ಹಾಕಿದರು. ನಿನ್ನೆ ಎರಡನೆಯ ಲಕೋಟೆ ಒಡೆಯುವಾಗಲೂ ನಾನು ಕೊಳಾಯಿಯ ಮುಂದೆಯೇ ನಿಂತಿದ್ದೆ. ಮೇಡಂ ಮೆಟ್ಟಿಲಿಳಿದು ಓಡಿಬಂದರು. ಬದುಕಿದವು ಕಣ್ರೀ, ಬೀಜ ಇಲ್ಲದೇನೇ ಬದುಕಿದವು ಎಂದರು. ಸೋಪಿನ ಕೈಯಲ್ಲೇ ಅವರನ್ನು ತಬ್ಬಿಕೊಂಡು ಗೊಳೋ ಎಂದು ಅತ್ತೆ. ಅವರ ಬಿಳಿ ಕೋಟೆಲ್ಲ ಒದ್ದೆ. ಮನುಷ್ಯರಿಗೆ ಸಿಗಲು ಇನ್ನೂ ಎಷ್ಟೋ ವರ್ಷ ಬೇಕಂತೆ. ಬೇಕಾಗಲಿ ಬಿಡು. ನೀನು ಇದ್ದೀಯಲ್ಲ, ಇಬ್ಬರೂ ಕಾಯೋಣ.