ಮುಳುಗುವವರ ನಲವತ್ತು ಫೋಟೋ

ಮಾರ್ಚ್ 3, ಬೆಳಿಗ್ಗೆ 7
ಮತ್ತೆ ಅದೇ ನಲವತ್ತು ಫೋಟೋ. ಒಂದೊಂದರಲ್ಲೂ ಮುಳುಗುತ್ತಿರುವವರ ಸುತ್ತ ಚೌಕ ಎಳೆದು ಗುರುತು ಹಾಕಿದ್ದೇನೆ. ಮುಳುಗುವವರನ್ನು ಗುರುತಿಸಿ ಅಲಾರಂ ಹೊಡೆಯುವಂತೆ ಈಜುಕೊಳದ ಕ್ಯಾಮೆರಾಗೆ ಕಲಿಸಲು ಇರುವುದು ಇಷ್ಟೇ. ಬೇಕಾದದ್ದು ಸಾವಿರಾರು. ಮುಳುಗುವವರ ಫೋಟೋ ಯಾರು ತೆಗೆದಿಟ್ಟಿರುತ್ತಾರೆ?
ನಲವತ್ತರಲ್ಲೂ ಅತ್ತಿಗೆಯೇ. ಇಲ್ಲಿನ ಲೈಫ್‌ಗಾರ್ಡ್. ಕೊನೆಯ ಫೋಟೋಗೆ ಮುಳುಗುವ ನಾಟಕ ಆಡಿ, ಕೆಮ್ಮುತ್ತ ಮೇಲೆ ಬಂದಿದ್ದರು. "ಇನ್ನೆಷ್ಟು ಸಲ ಸಾಯಿಸ್ತೀಯೇ ನನ್ನ? ನಿಮ್ಮಣ್ಣಂಗೆ ಹೇಳ್ತೀನಿ ನೋಡು!"

ಮಾರ್ಚ್ 9
ಪರೀಕ್ಷೆಯಲ್ಲಿ ಕ್ಯಾಮೆರಾಗೆ ನೂರಕ್ಕೆ ತೊಂಬತ್ತಾರು! ಮ್ಯಾನೇಜರ್ ಹಿಗ್ಗಿ ಹೋದರು. "ಹಾಗಾದ್ರೆ ಇಬ್ಬರು ಗಾರ್ಡ್ ಯಾಕಮ್ಮ? ಒಬ್ಬರು ಸಾಕಲ್ವಾ?"
ಅಂಕದ ಹಾಳೆ ಅವರ ಕೈಗೆ ಕೊಟ್ಟೆ.

ಮಾರ್ಚ್ 10
ಅತ್ತಿಗೆ ದಡದ ಬೆಂಚಿನ ಮೇಲೆ ಕೂತು ನೀರು ಕುಡಿಯುತ್ತಿದ್ದರು. ಪರದೆಯ ಮೇಲೆ ಅವರ ಸುತ್ತ ಚೌಕ — ಅಪಾಯ! ಟೋಪಿ ತೆಗೆಸಿದೆ. ಚೌಕ ಮಾಯ.
ಕಲಿತಿರುವುದು ಮುಳುಗುವವರನ್ನಲ್ಲ. ನಲವತ್ತು ಫೋಟೋದಲ್ಲೂ ಇದ್ದ ಅವರ ಕೆಂಪು ಟೋಪಿಯನ್ನು.
ಮ್ಯಾನೇಜರ್‌ಗೆ ಹೇಳಿದೆ. "ಸೋಮವಾರ ಶುರುವಾಗ್ಲೇಬೇಕು. ಆಮೇಲೆ ಸರಿ ಮಾಡ್ಕೊಳಮ್ಮ."
ಕ್ಯಾಮೆರಾ ಸಿದ್ಧ ಎಂಬ ಪತ್ರಕ್ಕೆ ಸಹಿ ಹಾಕಿದೆ. ಅತ್ತಿಗೆಗೆ ಹೇಳಲಿಲ್ಲ.

ಮಾರ್ಚ್ 19
ಮಧ್ಯಾಹ್ನ. ಕೊಳದಲ್ಲಿ ಹದಿನೈದು ಜನ, ಗಾರ್ಡ್ ಅತ್ತಿಗೆ ಒಬ್ಬರೇ. ನಾನು ಕ್ಯಾಮೆರಾ ರೂಮಿನಲ್ಲಿ. ಆಳದ ಕಡೆ ನೀಲಿ ಈಜುಡುಗೆಯ ಹುಡುಗಿ. ನೀರಲ್ಲಿ ನೆಟ್ಟಗೆ ನಿಂತ ಹಾಗೆ, ಬಾಯಿ ಮಾತ್ರ ಮೇಲೆ. ಕೂಗಿಲ್ಲ, ಕೈ ಬಡಿದಿಲ್ಲ. ಕಣ್ಣಾರೆ ನೋಡಿದೆ.
ನೋಡಿಯೂ, ಚೌಕ ಬರಲಿ ಎಂದು ಕಾದೆ.
ಬರಲಿಲ್ಲ. ಹಾರಿದ್ದು ಅತ್ತಿಗೆ, ಆಚೆ ತುದಿಯಿಂದ. ಹುಡುಗಿ ಆಸ್ಪತ್ರೆಯಲ್ಲಿ.

ಮಾರ್ಚ್ 22
ಹುಡುಗಿಗೆ ಪ್ರಜ್ಞೆ ಬಂದಿದೆ. ಸದ್ಯ.
ಅತ್ತಿಗೆಯನ್ನು ಕೆಲಸದಿಂದ ತೆಗೆದಿದ್ದಾರೆ. ಅಲಾರಂ ಹೊಡೆದರೂ ತಡಮಾಡಿದರು ಎಂದು ಮ್ಯಾನೇಜರ್ ಈಜುಕೊಳದ ಸಮಿತಿಗೆ ಬರೆದುಕೊಟ್ಟಿದ್ದಾರಂತೆ. ಅತ್ತಿಗೆ ಅದನ್ನೇ ನಂಬಿ ಕೂತಿದ್ದಾರೆ. "ನಂಗೆ ಕೇಳಿಸ್ಲೇ ಇಲ್ಲ ಕಣೇ. ಕಿವಿ ತೋರಿಸ್ಕೋಬೇಕೇನೋ."

ಮಾರ್ಚ್ 23, ಬೆಳಿಗ್ಗೆ 11
ಆ ದಿನದ ರೆಕಾರ್ಡಿಂಗ್, ಟೋಪಿಯ ಪರೀಕ್ಷೆ, ನನ್ನ ಸಹಿ — ಎಲ್ಲವನ್ನೂ ಈಜುಕೊಳದ ಸಮಿತಿಗೆ ಕಳಿಸಿದೆ. ಆಮೇಲೆ ಅಡುಗೆಮನೆಗೆ ಹೋದೆ.
"ಅತ್ತಿಗೆ, ಅಲಾರಂ ಹೊಡೆದೇ ಇರ್ಲಿಲ್ಲ."
ಒಲೆ ಆರಿಸಿದರು.
"ಅದು ಹೊಡೆಯಲ್ಲ ಅಂತ ನಿಂಗೆ ಮೊದಲೇ ಗೊತ್ತಿತ್ತಾ?"
"ಹತ್ತನೇ ತಾರೀಕೇ ಗೊತ್ತಿತ್ತು ಅತ್ತಿಗೆ. ಗೊತ್ತಿದ್ದೇ ಸಹಿ ಹಾಕ್ದೆ."